ಬೆಳ್ಳಿ ಪೆಟ್ಟಿಗೆಗೆ ಬೆನ್ನು ಹಾಕಿ ನಿಂತರೆ

ಹಳೆ ಗೋವಾದ ಬೊಮ್ ಜೀಸಸ್ ಇಗರ್ಜಿಯ ಒಳಗೆ ಕಾಲಿಟ್ಟ ಜನ ತಾವಾಗಿಯೇ ಬಲಕ್ಕೆ ವಾಲುತ್ತಾರೆ. ಬೋರ್ಡು ನೋಡಿ ಹೋಗುವುದಲ್ಲ, ಮುಂದಿನವರ ಬೆನ್ನು ನೋಡಿ ಹೋಗುವುದು. ಬಲಗಡೆಯ ಚಾಪೆಲ್ಲಿನ, ಅಂದರೆ ಪ್ರಾರ್ಥನೆಯ ಕೋಣೆಯ, ಮುಂದೆ ಗುಂಪು ಕಟ್ಟಿ, ಕತ್ತು ಎತ್ತಿ, ಕೈ ಎತ್ತಿ, ಬೆಳ್ಳಿ ಪೆಟ್ಟಿಗೆಯ ಒಂದು ಮೂಲೆಯನ್ನು ಫೋನಿಗೆ ಇಳಿಸಿಕೊಂಡು, "ಒಳಗೆ ಬಾಡಿ ಇದೆಯಂತೆ" ಎಂದು ಪಕ್ಕದವರಿಗೆ ಹೇಳಿ, ಹೊರಬಿದ್ದು ಕಬ್ಬಿನ ಹಾಲಿನ ಗಾಡಿ ಹುಡುಕುತ್ತಾರೆ. ಎಲ್ಲ ಸೇರಿ ಹತ್ತು ನಿಮಿಷ. ಟೂರ್ ಬಸ್ಸಿನವರು ಕೊಡುವ ಸಮಯವೇ ಅರ್ಧ ಗಂಟೆ, ಅದರಲ್ಲಿ ಎದುರಿನ ಸೆ ಕೆಥೆಡ್ರಲ್ಲೂ ಮುಗಿಯಬೇಕು. ಹಾಗಾಗಿ ಜನರನ್ನು ದೂರುವಂತಿಲ್ಲ.

ಆದರೆ ಈ ಹತ್ತು ನಿಮಿಷದಲ್ಲಿ ತಪ್ಪಿಹೋಗುವುದು ಸಣ್ಣ ಪುಟ್ಟ ಅಲಂಕಾರಗಳಷ್ಟೇ ಅಲ್ಲ. ಆ ಕಟ್ಟಡ ಯಾಕೆ ಹಾಗಿದೆ ಎಂಬುದೇ ತಪ್ಪಿಹೋಗುತ್ತದೆ. ಬೊಮ್ ಜೀಸಸ್ ಎಂದೊಡನೆ ಕಣ್ಣ ಮುಂದೆ ಬರುವ ಎರಡು ಸಂಗತಿಗಳಲ್ಲಿ ಒಂದು ಹದಿನಾರನೆಯ ಶತಮಾನದ ಮತಪ್ರಚಾರಕ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹ, ಇನ್ನೊಂದು ಆ ಕೆಂಪು ಕಲ್ಲಿನ ಮುಖ. ಎರಡೂ ಈ ಇಗರ್ಜಿಗೆ ತಡವಾಗಿ ಬಂದವು. ಒಂದು ಹತ್ತೊಂಬತ್ತು ವರ್ಷ ತಡ, ಇನ್ನೊಂದು ಮುನ್ನೂರೈವತ್ತು ವರ್ಷ ತಡ. ಇದನ್ನು ತಲೆಯಲ್ಲಿಟ್ಟುಕೊಂಡು ಒಳಗೆ ಹೋದರೆ ಕಾಣುವ ಇಗರ್ಜಿಯೇ ಬೇರೆ.

ಮನೆ ಯಾರದ್ದು

ಕಟ್ಟಡ ಶುರುವಾದದ್ದು 1594ರ ನವೆಂಬರ್ 24ರಂದು. ಪ್ರತಿಷ್ಠೆಯಾದದ್ದು 1605ರ ಮೇ 15ರಂದು, ಆರ್ಚ್‌ಬಿಷಪ್ ಅಲೇಶೊ ಡಿ ಮೆನೆಝಿಸ್ ಕೈಯಿಂದ. ಕೇರಳದ ಉದಯಂಪೇರೂರಿನಲ್ಲಿ 1599ರಲ್ಲಿ ಸಿರಿಯನ್ ಕ್ರೈಸ್ತರನ್ನು ರೋಮಿನ ಹಿಡಿತಕ್ಕೆ ತರಲು ಸಭೆ ಸೇರಿಸಿದ ಮೆನೆಝಿಸ್ ಇವರೇ. ಹಣ ಬಂದದ್ದು ಕೊಚ್ಚಿಯ ಕ್ಯಾಪ್ಟನ್ ಆಗಿದ್ದ ಡೊಮ್ ಜೆರೊನಿಮೊ ಮಸ್ಕರೇನ್ಯಸ್ ಬಿಟ್ಟುಹೋದ ಆಸ್ತಿಯಿಂದ. ಆತ ತೀರಿಕೊಂಡದ್ದು 1593ರಲ್ಲಿ, ಅಂದರೆ ತನ್ನ ದುಡ್ಡಿನ ಇಗರ್ಜಿಯ ಒಂದು ಕಲ್ಲನ್ನೂ ಆತ ನೋಡಲಿಲ್ಲ. ಅವನ ಸ್ಮಾರಕ ಒಳಗಡೆ ಉತ್ತರದ ಗೋಡೆಯ ನಡುಮಧ್ಯದಲ್ಲಿದೆ, ಒಳಗೆ ಹೋದವರಿಗೆ ಎಡಗಡೆ. ಎಲ್ಲರೂ ಬಲಕ್ಕೆ ವಾಲುವುದರಿಂದ ದುಡ್ಡು ಕೊಟ್ಟವನಿಗೆ ಎಲ್ಲರೂ ಬೆನ್ನು ತೋರಿಸಿಯೇ ಹೋಗುತ್ತಾರೆ.

ಕಟ್ಟಿಸಿದವರು ಯೇಸುಸಭೆಯೆಂಬ ಕ್ಯಾಥೊಲಿಕ್ ಪಂಥದವರು, ಅಂದರೆ ಜೆಸ್ವಿಟರು. ಅವರಿಗೆ ಬೇಕಿದ್ದದ್ದು ಪ್ರವಚನ ಕೇಳಿಸುವ ಇಗರ್ಜಿ. ಒಳಗೆ ನಿಂತು ಎಣಿಸಿ ನೋಡಿ, ನಡುವಿನ ಹಜಾರದಲ್ಲಿ ಒಂದೂ ಕಂಬವಿಲ್ಲ. 183 ಅಡಿ ಉದ್ದ, 55 ಅಡಿ ಅಗಲ, 61 ಅಡಿ ಎತ್ತರದ ಒಂದೇ ಒಂದು ಹಜಾರ. ಎದುರಿನ ಸೆ ಕೆಥೆಡ್ರಲ್ಲಿನಲ್ಲಿ ಎರಡು ಸಾಲು ದಪ್ಪ ಕಂಬಗಳು ಜಾಗವನ್ನು ಮೂರಾಗಿ ಸೀಳುತ್ತವೆ. ಕಂಬದ ಹಿಂದೆ ಕೂತವನಿಗೆ ಪಾದ್ರಿಯ ಮುಖ ಕಾಣುವುದಿಲ್ಲ. ರೋಮಿನಲ್ಲಿ ಯೇಸುಸಭೆಯ ಮೂಲ ಇಗರ್ಜಿ ಇಲ್ ಜೆಸು ಮುಗಿದದ್ದು 1584ರಲ್ಲಿ. ಅಲ್ಲಿಯೂ ನಡುವೆ ಒಂದೇ ವಿಶಾಲ ಹಜಾರ. ಅದೇ ಯೋಚನೆ ಹತ್ತು ವರ್ಷದಲ್ಲಿ ಮಾಂಡೋವಿ ನದಿಯ ದಡಕ್ಕೆ ಬಂದಿದೆ.

ಪ್ರವಚನಪೀಠ ಎಲ್ಲಿದೆ ಎಂಬುದನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟ. ಅಲ್ತಾರಿನ, ಅಂದರೆ ಪೂಜೆಯ ವೇದಿಕೆಯ, ಹತ್ತಿರವಲ್ಲ, ಹಜಾರದ ನಡುವೆ, ದಕ್ಷಿಣದ ಗೋಡೆಯಲ್ಲಿ, ಸರಿಯಾಗಿ ಮಸ್ಕರೇನ್ಯಸ್ ಸ್ಮಾರಕದ ಎದುರಿಗೆ. ಮೈಕಿಲ್ಲದ ಕಾಲದಲ್ಲಿ ದನಿ ಹಿಂದಿನವರಿಗೂ ಮುಂದಿನವರಿಗೂ ಸಮನಾಗಿ ಹೋಗಬೇಕಾದರೆ ಜಾಗ ಅದೇ. ತಲೆಯ ಮೇಲಿನ ಮರದ ಕೊಡೆ ಬರೀ ಚಂದಕ್ಕಲ್ಲ. ದನಿ ಮಾಡಿಗೆ ಏರಿ ಕಳೆದುಹೋಗದಂತೆ ಅದು ಕೆಳಕ್ಕೆ ತಿರುಗಿಸುತ್ತದೆ. ಪೀಠದ ಮೂರು ಬದಿಯಲ್ಲಿ ಯೇಸು, ನಾಲ್ವರು ಸುವಾರ್ತಾಕಾರರು, ಸಭೆಯ ನಾಲ್ವರು ಆಚಾರ್ಯರು ಇದ್ದಾರೆ. ಆದರೆ ನೋಡಬೇಕಾದ್ದು ಅಡಿಭಾಗ. ಅಲ್ಲಿ ಏಳು ಆಕೃತಿಗಳು ಇಡೀ ಪೀಠದ ಭಾರವನ್ನು ಹೊತ್ತಂತೆ ಕೂತಿವೆ. ನಮ್ಮ ಗುಡಿಗಳಲ್ಲಿ ಬೋದಿಗೆಯ ಕೆಳಗೆ ಹೊಟ್ಟೆ ಉಬ್ಬಿಸಿಕೊಂಡು ಭಾರ ಹೊರುವ ಗಣಗಳನ್ನು ಕಂಡವರಿಗೆ ಈ ಏಳು ಮಂದಿಯ ಪರಿಚಯ ಬೇಕಾಗಿಲ್ಲ. ಹೊರುವ ಕೆಲಸ ಯಾರಿಗೆ ಕೊಡಬೇಕು ಎಂಬುದನ್ನು ಇಲ್ಲಿನ ಬಡಗಿಗಳಿಗೆ ಯಾವ ಪಾದ್ರಿಯೂ ಹೇಳಿಕೊಟ್ಟಿರಲಾರ.

ಈಗ ಎದುರಿನ ಮುಖ್ಯ ಅಲ್ತಾರಿಗೆ ಬನ್ನಿ. ನೆಲದಿಂದ ಮಾಡಿನವರೆಗೆ ಬಂಗಾರದ ಬಣ್ಣ. ಕೆಳಗಡೆ ಸಣ್ಣದೊಂದು ಬಾಲ ಯೇಸುವಿನ ಮೂರ್ತಿ. ಇಗರ್ಜಿಗೆ ಹೆಸರು ಕೊಟ್ಟ 'ಒಳ್ಳೆಯ ಯೇಸು' ಅದೇ. ಅದನ್ನು ಹುಡುಕಿಯೇ ನೋಡಬೇಕು. ಅದರ ಮೇಲೆ ಆಳೆತ್ತರವನ್ನೂ ಮೀರಿ ನಿಂತಿರುವವರು ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೊಲ. ಅವರ ನೋಟ ಭಕ್ತರ ಕಡೆಗಿಲ್ಲ, ಮೇಲಿನ ಸೂರ್ಯನಂಥ ಬಿಲ್ಲೆಯ ಕಡೆಗಿದೆ. ಬಿಲ್ಲೆಯಲ್ಲಿ ಐಎಚ್‌ಎಸ್ ಎಂಬ ಮೂರಕ್ಷರ, ಯೇಸುವಿನ ಹೆಸರಿನ ಸಂಕೇತ. ಅದರ ಮೇಲೆ ಪಿತ, ಸುತ, ಪವಿತ್ರಾತ್ಮ. ಕಣ್ಣು ಕೆಳಗಿನಿಂದ ಮೇಲಕ್ಕೆ ಮೆಟ್ಟಿಲು ಹತ್ತಬೇಕು ಎಂಬ ಲೆಕ್ಕದಲ್ಲಿ ಇಡೀ ಅಲ್ತಾರನ್ನು ಜೋಡಿಸಿದ್ದಾರೆ. ಅಕ್ಕಪಕ್ಕದಲ್ಲಿ ಭರವಸೆಯ ಮಾತೆಯದೊಂದು, ಸಂತ ಮಿಕಾಯೇಲರದೊಂದು ಅಲ್ತಾರ್.

ಈ ಅಲ್ತಾರಿನಲ್ಲಿ ಝೇವಿಯರ್ ಇಲ್ಲ. 1605ರಲ್ಲಿ ಇಬ್ಬರೂ ಇನ್ನೂ ಸಂತರಾಗಿರಲಿಲ್ಲ. ಗುರು ಇಗ್ನೇಷಿಯಸ್ ಮತ್ತು ಶಿಷ್ಯ ಝೇವಿಯರ್ ಇಬ್ಬರಿಗೂ ಸಂತ ಪದವಿ ಸಿಕ್ಕಿದ್ದು ಒಂದೇ ದಿನ, 1622ರ ಮಾರ್ಚ್ 12ರಂದು. ಅದಾಗಿ ಎರಡು ವರ್ಷಕ್ಕೆ, 1624ರಲ್ಲಿ, ದೇಹವನ್ನು ಇಲ್ಲಿಗೆ ತಂದರು. ಗುರು ನಡುವೆ ನಿಂತ ಮನೆಗೆ ಶಿಷ್ಯ ಬಂದ. ನಾಲ್ಕು ನೂರು ವರ್ಷದಿಂದ ಬಂದವರೆಲ್ಲ ಕೇಳುವುದು ಶಿಷ್ಯನನ್ನೇ.

ದೇಹದ ದಾರಿ

ಝೇವಿಯರ್ ಗೋವಾಕ್ಕೆ ಬಂದದ್ದು 1542ರ ಮೇ 6ರಂದು. ಮುಂದಿನ ಹತ್ತು ವರ್ಷದ ಬಹುಪಾಲು ಕಳೆದದ್ದು ತಮಿಳುನಾಡಿನ ಮುತ್ತು ತೆಗೆಯುವ ಕರಾವಳಿ, ಮಲಕ್ಕಾ, ಮಲುಕು ದ್ವೀಪಗಳು, ಜಪಾನ್ ಎಂದು ಹಡಗಿನ ಮೇಲೆ. ತೀರಿಕೊಂಡದ್ದು 1552ರ ಡಿಸೆಂಬರ್ 3ರಂದು, ಚೀನಾದ ಬಾಗಿಲಲ್ಲಿ, ಶಾಂಗ್‌ಚುವಾನ್ ದ್ವೀಪದಲ್ಲಿ. ಹೂಳುವಾಗ ಸುಣ್ಣ ಸುರಿದಿದ್ದರು. ಮಾಂಸ ಬೇಗ ಕರಗಿದರೆ ಎಲುಬನ್ನಾದರೂ ಊರಿಗೆ ಒಯ್ಯಬಹುದು ಎಂಬ ಲೆಕ್ಕ. ತೆಗೆದು ನೋಡಿದಾಗ ಕರಗಿರಲಿಲ್ಲ. 1553ರ ಮಾರ್ಚಿನಲ್ಲಿ ಮಲಕ್ಕಾ, 1554ರ ಮಾರ್ಚಿನಲ್ಲಿ ಗೋವಾ. ಅಂದರೆ ಬೊಮ್ ಜೀಸಸ್‌ಗೆ ಬರುವ ಮುಂಚೆ ಎಪ್ಪತ್ತು ವರ್ಷ ಈ ದೇಹ ಗೋವಾದಲ್ಲೇ, ಮುಖ್ಯವಾಗಿ ಸಂತ ಪಾವ್ಲರ ಕಾಲೇಜಿನಲ್ಲಿ ಇತ್ತು. ಭಾರತದ ಮೊದಲ ಮುದ್ರಣಯಂತ್ರ 1556ರಲ್ಲಿ ಬಂದಿಳಿದದ್ದೂ ಅದೇ ಕಾಲೇಜಿಗೆ. ಆ ಕಾಲೇಜಿಗೆ ಮತ್ತೆ ಬರುತ್ತೇನೆ.

ದೇಹ ಪೂರ್ತಿಯಾಗಿಲ್ಲ ಎಂಬುದನ್ನು ಗೈಡುಗಳು ಪಿಸುಗುಟ್ಟುವ ದನಿಯಲ್ಲಿ ಹೇಳುತ್ತಾರೆ, ಗುಟ್ಟೇನೂ ಅಲ್ಲ. ಬಲಗೈಯ ಮುಂಗೈಭಾಗವನ್ನು 1614ರಲ್ಲಿ ರೋಮಿನ ಅಪ್ಪಣೆಯ ಮೇರೆಗೆ ಕತ್ತರಿಸಿ ಕಳುಹಿಸಿದರು. ಲಕ್ಷಾಂತರ ಜನರಿಗೆ ದೀಕ್ಷಾಸ್ನಾನ ಕೊಟ್ಟ ಕೈ ಎಂದು ಅದು ಇಲ್ ಜೆಸುವಿನಲ್ಲಿ ಪೂಜೆಗೊಳ್ಳುತ್ತಿದೆ. 2018ರ ಜನವರಿಯಲ್ಲಿ ಅದೇ ಕೈ ವಿಮಾನದಲ್ಲಿ ಸೀಟು ಹಿಡಿದು ಕೆನಡಾ ಸುತ್ತಿ ಬಂತು. ತೋಳಿನ ಎಲುಬಿನ ತುಂಡೊಂದು ಮಕಾವ್‌ನಲ್ಲಿದೆ. ಕಾಲ್ಬೆರಳನ್ನು ಭಕ್ತೆಯೊಬ್ಬಳು ಮುತ್ತಿಡುವ ನೆಪದಲ್ಲಿ ಕಚ್ಚಿಕೊಂಡು ಹೋದಳೆಂಬುದು ಗೋವಾದವರು ತಲೆಮಾರುಗಳಿಂದ ಹೇಳುತ್ತ ಬಂದ ಕತೆ.

ಪ್ರತಿ ಹತ್ತು ವರ್ಷಕ್ಕೊಮ್ಮೆ ದೇಹವನ್ನು ಕೆಳಗಿಳಿಸಿ ದರ್ಶನಕ್ಕಿಡುವ ಪದ್ಧತಿಯ ಹಿಂದೆ ಇರುವುದು ಒಂದು ಗಾಳಿಸುದ್ದಿ. 1759ರಲ್ಲಿ ಪೋರ್ಚುಗೀಸ್ ಸರಕಾರ ಯೇಸುಸಭೆಯವರನ್ನು ಹೊರಹಾಕಿತು. ಹೋಗುವಾಗ ಅವರು ನಿಜವಾದ ದೇಹ ಒಯ್ದು ಬೇರೆ ಯಾವುದನ್ನೋ ಇಟ್ಟುಹೋದರು ಎಂದು ಊರಲ್ಲಿ ಮಾತೆದ್ದಿತು. ಬಾಯಿ ಮುಚ್ಚಿಸಲು 1782ರ ಫೆಬ್ರವರಿಯಲ್ಲಿ ಪೆಟ್ಟಿಗೆ ತೆರೆದು ಮೂರು ದಿನ ಎಲ್ಲರಿಗೂ ತೋರಿಸಿದರು. ಅನುಮಾನ ಪರಿಹಾರಕ್ಕೆ ಮಾಡಿದ್ದು ಆಮೇಲೆ ಹಬ್ಬವಾಯಿತು. ಇತ್ತೀಚಿನದ್ದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು. ದರ್ಶನ ನಡೆಯುವುದು ಬೊಮ್ ಜೀಸಸ್‌ನಲ್ಲಲ್ಲ, ರಸ್ತೆಯಾಚೆಯ ಸೆ ಕೆಥೆಡ್ರಲ್ಲಿನಲ್ಲಿ. ಕಾರಣ ಮೇಲೆ ಹೇಳಿದ ನಕ್ಷೆಯೇ ಇರಬೇಕು. ಕೂತು ಕೇಳಲು ಕಟ್ಟಿದ ಹಜಾರದ ಬದಿಯ ಕೋಣೆಗೆ ಲಕ್ಷಗಟ್ಟಲೆ ಜನರ ಸಾಲು ಹರಿದು ಬಂದರೆ ಬಂದವರಿಗೂ ಹೋಗುವವರಿಗೂ ಒಂದೇ ದಾರಿ. ಕೆಥೆಡ್ರಲ್ಲಿನಲ್ಲಿ ಕಂಬಗಳ ಪಕ್ಕದ ಓಣಿಗಳು ಸಾಲು ನಡೆಸಲು ಹೇಳಿ ಮಾಡಿಸಿದಂತಿವೆ.

ಎತ್ತರದಲ್ಲಿಟ್ಟದ್ದನ್ನು ನೋಡುವ ಬಗೆ

ಚಾಪೆಲ್ಲಿನ ಎದುರು ನಿಂತಾಗ ಕಣ್ಣಿಗೆ ಬೀಳುವುದು ಎರಡು ಬೇರೆ ಬೇರೆ ವಸ್ತುಗಳು. ಅರುವತ್ತು ವರ್ಷದ ಅಂತರದಲ್ಲಿ, ಎರಡು ಖಂಡಗಳಲ್ಲಿ ತಯಾರಾದವು. ಮೇಲಿನ ಬೆಳ್ಳಿ ಪೆಟ್ಟಿಗೆ 1636–37ರಲ್ಲಿ ಗೋವಾದ ಬೆಳ್ಳಿ ಕೆಲಸದವರು ಮಾಡಿದ್ದು. ಮಾಡಿಸಿದವರು ಇಟಲಿಯ ಯೇಸುಸಭೆ ಪಾದ್ರಿ ಮಾರ್ಚೆಲ್ಲೊ ಮಾಸ್ತ್ರಿಲ್ಲಿ. ಝೇವಿಯರ್ ಕೃಪೆಯಿಂದ ಸಾವಿನ ಬಾಯಿಂದ ಪಾರಾದೆ ಎಂದು ನಂಬಿದ್ದ ಆತ ಹರಕೆ ತೀರಿಸಿ ಜಪಾನಿಗೆ ಹೋದ, 1637ರಲ್ಲೇ ನಾಗಾಸಾಕಿಯಲ್ಲಿ ಅವನ ತಲೆ ಹಾರಿತು. ಪೆಟ್ಟಿಗೆಯ ಸುತ್ತ ಒಟ್ಟು 32 ಸಣ್ಣ ಫಲಕಗಳಲ್ಲಿ ಸಂತರ ಬದುಕಿನ ಪ್ರಸಂಗಗಳನ್ನು ಉಬ್ಬುಚಿತ್ರವಾಗಿ ಬಡಿದಿದ್ದಾರೆ. ಉದ್ದದ ಒಂದೊಂದು ಬದಿಯನ್ನು ಏಳು ಮನೆಗಳಾಗಿ ಭಾಗ ಮಾಡಿ, ಒಂದೊಂದು ಮನೆಗೆ ಮೇಲೆ ಕೆಳಗೆ ಎರಡೆರಡು ಫಲಕ ಕೂರಿಸಿದ್ದಾರೆ. ಉಳಿದವು ತಲೆ ಮತ್ತು ಕಾಲಿನ ಕಡೆಗೆ.

ಕೆಳಗಿನ ಅಮೃತಶಿಲೆಯ ಪೀಠ ಇಟಲಿಯ ಫ್ಲಾರೆನ್ಸಿನದು. ತಸ್ಕನಿಯ ದೊರೆ ಮೂರನೆಯ ಕೊಸಿಮೊ ಡಿ ಮೆಡಿಚಿಗೆ ಸಂತರ ತಲೆಯ ಕೆಳಗಿದ್ದ ದಿಂಬು ಉಡುಗೊರೆಯಾಗಿ ಹೋಯಿತು. ಪ್ರತಿಯಾಗಿ ಆತ ಶಿಲ್ಪಿ ಜೊವಾನ್ನಿ ಬತ್ತಿಸ್ತಾ ಫೊಜ್ಜೀನಿಯಿಂದ ಈ ಸಮಾಧಿಪೀಠ ಮಾಡಿಸಿದ. ಹತ್ತು ವರ್ಷದ ಕೆಲಸ. ಬಣ್ಣಬಣ್ಣದ ಕಲ್ಲುಗಳನ್ನು ಒಂದಕ್ಕೊಂದು ಕೂರಿಸಿದ್ದ ತುಂಡುಗಳನ್ನು ಬಿಚ್ಚಿ, ಪೆಟ್ಟಿಗೆಗಳಲ್ಲಿ ತುಂಬಿ, ಹಡಗೇರಿಸಿ, ಪ್ಲಾಸಿಡೊ ರಂಪೋನಿ ಎಂಬ ಕುಶಲಕರ್ಮಿಯನ್ನು ಜೊತೆಗೆ ಕಳುಹಿಸಿದರು. 1698ರಲ್ಲಿ ಇಲ್ಲಿ ಮರುಜೋಡಣೆಯಾಯಿತು. ನಾಲ್ಕು ಬದಿಗೆ ನಾಲ್ಕು ಕಂಚಿನ ಫಲಕಗಳಿವೆ. ಉಪದೇಶ ಮಾಡುವುದು, ದೀಕ್ಷಾಸ್ನಾನ ಕೊಡುವುದು, ಮಲುಕು ಕಡೆ ಅಟ್ಟಿಸಿಕೊಂಡು ಬಂದವರಿಂದ ತಪ್ಪಿಸಿಕೊಳ್ಳುವುದು, ಶಾಂಗ್‌ಚುವಾನ್‌ನಲ್ಲಿ ಸಾಯುವುದು. ಫ್ಲಾರೆನ್ಸಿನಲ್ಲಿ ಕೂತು ಎರಕ ಹೊಯ್ದವರು ಏಷ್ಯಾದ ಮುಖಗಳನ್ನು ಕಂಡಿರಲಿಲ್ಲ, ಅದು ಫಲಕಗಳಲ್ಲಿ ಗೊತ್ತಾಗುತ್ತದೆ. ಬೆಳ್ಳಿಯಲ್ಲಿ ಬಡಿದ ಗೋವಾದವರ ಕೆಲಸ ಇದಕ್ಕಿಂತ ಹೆಚ್ಚು ಜೀವಂತ ಎಂದೇ ನನ್ನ ಎಣಿಕೆ. ಕಲಾ ಇತಿಹಾಸದವರು ಫೊಜ್ಜೀನಿಯ ಪಕ್ಷ ವಹಿಸುತ್ತಾರೆ, ವಹಿಸಲಿ.

ತೊಂದರೆ ಏನೆಂದರೆ ಬೆಳ್ಳಿಯ ಕೆಲಸ ನೆಲದಿಂದ ಬರಿಗಣ್ಣಿಗೆ ಸಿಗುವುದಿಲ್ಲ. ಪೀಠವೇ ಮೂರು ಹಂತದ್ದು, ಅದರ ಮೇಲೆ ಪೆಟ್ಟಿಗೆ. ಹತ್ತಿರ ಹೋದಷ್ಟೂ ಪೀಠದ ಅಂಚು ಅಡ್ಡ ಬರುತ್ತದೆ. ಮೂರು ಉಪಾಯ. ಒಂದು, ಚಾಪೆಲ್ಲಿನಿಂದ ಹಿಂದೆ ಸರಿದು ಹಜಾರದ ಎಡಗಡೆ ನಿಲ್ಲುವುದು. ದೂರ ಹೆಚ್ಚಿದರೂ ಕೋನ ಸರಿಯಾಗುತ್ತದೆ. ಎರಡು, ಪಕ್ಷಿ ನೋಡುವವರ ಸಣ್ಣ ಬೈನಾಕ್ಯುಲರ್, ಎಂಟು ಪಟ್ಟಿನದ್ದು ಸಾಕು. ಫೋನಿನ ಝೂಮ್ ಬೆಳ್ಳಿಯ ಹೊಳಪಿಗೆ ಬೆಚ್ಚಿ ಫಲಕಗಳನ್ನೆಲ್ಲ ಬಿಳಿ ಮಾಡಿಬಿಡುತ್ತದೆ. ಮೂರನೆಯದು ಎಲ್ಲಕ್ಕಿಂತ ಒಳ್ಳೆಯದು, ಮೇಲಿನಿಂದ ನೋಡುವುದು.

ಪಕ್ಕದ ಓಣಿ, ಮೇಲಿನ ಕಿಟಕಿ

ಚಾಪೆಲ್ಲಿನ ಪಕ್ಕದಿಂದ ಒಂದು ಓಣಿ ಒಳಗೆ ಹೋಗುತ್ತದೆ, ಸಾಕ್ರಿಸ್ತಿಗೆ, ಅಂದರೆ ಪಾದ್ರಿಗಳು ಪೂಜೆಯ ಉಡುಪು ತೊಡುವ ಕೋಣೆಗೆ. ಇಲ್ಲಿ ನಿಂತು ನೋಡಬೇಕಾದ್ದು ಬಾಗಿಲನ್ನೇ. ಇಡೀ ಇಗರ್ಜಿಯಲ್ಲಿ ಮರದ ಕೆತ್ತನೆಯನ್ನು ಮೂಗಿನಳತೆಯ ದೂರದಿಂದ ನೋಡಲು ಸಿಗುವ ಜಾಗ ಇದೊಂದೇ. ಅಲ್ತಾರಿನ ಕೆತ್ತನೆಯೆಲ್ಲ ಬಂಗಾರದ ಲೇಪದ ಕೆಳಗೆ ಮುಚ್ಚಿಹೋಗಿದೆ. ಇಲ್ಲಿ ಉಳಿಯ ಏಟು ಕಾಣುತ್ತದೆ.

ಓಣಿ ದಾಟಿದರೆ ನೀವಿರುವುದು ಇಗರ್ಜಿಗೆ ಅಂಟಿಕೊಂಡ ಯೇಸುಸಭೆಯ ಮಠದಲ್ಲಿ. ಇದು ಇಗರ್ಜಿಗಿಂತ ಹಳೆಯದು, 1585ರಿಂದ 1589ರ ನಡುವೆ ಎದ್ದದ್ದು. 1663ರಲ್ಲಿ ಬೆಂಕಿ ಬಿದ್ದು ಒಂದು ಭಾಗ ಸುಟ್ಟಿತು, ರಿಪೇರಿಯಾದದ್ದು 1783ರಲ್ಲಿ. ನಡುವೆ ತೆರೆದ ಅಂಗಳ, ಸುತ್ತ ದಪ್ಪ ಕಮಾನುಗಳ ಪಡಸಾಲೆ. ಬಹುಪಾಲು ಜನ ಇದನ್ನು ಹೊರಗೆ ಹೋಗುವ ದಾರಿ ಎಂದುಕೊಂಡು ಬೀಸು ನಡೆಯಲ್ಲಿ ದಾಟುತ್ತಾರೆ. ಮೇಲೆ ಹೋಗುವ ಮೆಟ್ಟಿಲು ಹತ್ತಿದರೆ ಗೋವಾದ ಕಲಾವಿದ ಡೊಮ್ ಮಾರ್ಟಿನ್ ಅವರ ಚಿತ್ರಗಳ ಗ್ಯಾಲರಿ ಸಿಗುತ್ತದೆ. ಚಿತ್ರಗಳು ಕನಸಿನಂಥವು, ಇಷ್ಟವಾದರೂ ಆಗದಿದ್ದರೂ ಅಲ್ಲಿನ ಕಿಟಕಿಯನ್ನು ಬಿಡಬಾರದು. ಅಲ್ಲಿಂದ ಚಾಪೆಲ್ಲಿನೊಳಕ್ಕೆ ಇಣುಕಿದರೆ ಪೆಟ್ಟಿಗೆ ಕಣ್ಣಿನ ಮಟ್ಟಕ್ಕೆ ಹತ್ತಿರ ಬರುತ್ತದೆ. ಕೆಳಗೆ ಅಡ್ಡ ಬರುತ್ತಿದ್ದ ಪೀಠದ ಅಂಚು ಈಗ ಕೆಳಗುಳಿಯಿತು. ಬೆಳ್ಳಿಯ ನಡುವಿನ ಗಾಜಿನ ಭಾಗ, ಅದರಾಚೆಗಿನ ನೆರಳು, ಚಾಪೆಲ್ಲಿನ ಗೋಡೆಯ ಮೇಲಿರುವ ಸಂತರ ಬದುಕಿನ ವರ್ಣಚಿತ್ರಗಳು, ತಿರುಚಿದ ಬಂಗಾರದ ಕಂಬಗಳು, ಎಲ್ಲವೂ ಒಂದೇ ನೋಟಕ್ಕೆ. ಕೆಳಗೆ ಎತ್ತಿಹಿಡಿದ ಫೋನುಗಳ ಹಿಂಡೂ ಕಾಣುತ್ತದೆ. ಗ್ಯಾಲರಿ ಯಾವಾಗಲೂ ತೆರೆದಿರುತ್ತದೆ ಎನ್ನುವಂತಿಲ್ಲ, ಪೂಜೆಯ ಹೊತ್ತು ಮತ್ತು ಫೆಸ್ತಿನ, ಅಂದರೆ ಹಬ್ಬದ, ದಿನಗಳಲ್ಲಿ ಆಚೀಚೆಯಾಗುತ್ತದೆ. ವಾರದ ನಡುವೆ ಬೆಳಿಗ್ಗೆ ಬೇಗ ಬಂದರೆ ಕಿಟಕಿಯೂ ಸಿಗುತ್ತದೆ, ಪುರುಸೊತ್ತೂ ಸಿಗುತ್ತದೆ.

ಕೆಂಪು ಮುಖದ ಸಮಸ್ಯೆ

ಹೊರಗೆ ಬಂದು ಮುಂಭಾಗದ ಎದುರು ನಿಲ್ಲಿ, ಸಾಧ್ಯವಾದರೆ ಮಧ್ಯಾಹ್ನ ಮೂರರ ಮೇಲೆ. ಇಗರ್ಜಿ ಪಶ್ಚಿಮಕ್ಕೆ ಮುಖ ಮಾಡಿದೆ, ಬೆಳಿಗ್ಗೆ ಮುಖವೆಲ್ಲ ನೆರಳು. ಕೆಳಗೆ ಮೂರು ಬಾಗಿಲು, ಅದರ ಮೇಲೆ ಮೂರು ಚೌಕದ ಕಿಟಕಿ, ಅದರ ಮೇಲೆ ಮೂರು ದುಂಡು ಕಿಟಕಿ, ತುದಿಯಲ್ಲಿ ಮತ್ತೆ ಐಎಚ್‌ಎಸ್. ಗಂಟೆಗೋಪುರ ಮುಂದುಗಡೆ ಇಲ್ಲ, ಹಿಂದುಗಡೆ ಇದೆ. ಕಲ್ಲುಗಳನ್ನು ಹತ್ತಿರದಿಂದ ನೋಡಿದರೆ ಎರಡು ಜಾತಿ. ಗೋಡೆಯದು ಕೆಂಪು ಮುರಕಲ್ಲು, ಉತ್ತರ ಕನ್ನಡದವರಿಗೆ ಚಿರೇಕಲ್ಲು. ಕಂಬಪಟ್ಟಿ, ಅಂಚು, ಕೆತ್ತನೆಯ ಕಲ್ಲು ಕಪ್ಪು ಬಸಾಲ್ಟ್, ಮುಂಬೈ ಬಳಿಯ ವಸಾಯಿಯಿಂದ ಹಡಗಿನಲ್ಲಿ ತರಿಸಿದ್ದು. ಮುರಕಲ್ಲಿನ ತುಂಬ ತೂತು, ಅದರಲ್ಲಿ ಹೂವು ಬಳ್ಳಿ ಕೆತ್ತಲಾಗದು, ಉಳಿ ಇಟ್ಟಲ್ಲಿ ಚೂರು ಹಾರುತ್ತದೆ. ಕೆತ್ತನೆ ಬೇಕೆಂದರೆ ಬೇರೆ ಕಲ್ಲು ಬೇಕೇ ಬೇಕು.

ಈ ಕೆಂಪನ್ನು ನೋಡಿ "ಎಷ್ಟು ಹಳೆಯದು ನೋಡು" ಎನ್ನದವರಿಲ್ಲ. ಆದರೆ ಕಟ್ಟಿದವರು ಇದನ್ನು ಕೆಂಪಾಗಿ ಬಿಟ್ಟಿರಲಿಲ್ಲ. ಹಳೆ ಗೋವಾದ ಉಳಿದ ಇಗರ್ಜಿಗಳಂತೆ ಇದಕ್ಕೂ ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ ಪೋರ್ಚುಗೀಸ್ ಆಡಳಿತ ಸ್ಮಾರಕಗಳನ್ನು ರಿಪೇರಿ ಮಾಡಿಸುವಾಗ ಬಲ್ತಝಾರ್ ಕಾಸ್ತ್ರೊ ಎಂಬ ವಾಸ್ತುಶಿಲ್ಪಿಯ ಉಸ್ತುವಾರಿಯಲ್ಲಿ ಗಾರೆ ಕಿತ್ತು ಕಲ್ಲು ತೆರೆದಿಟ್ಟರು. ಪೋರ್ಚುಗಲ್ಲಿನ ಗಟ್ಟಿ ಕಲ್ಲಿನ ಕಟ್ಟಡಗಳಿಗೆ ಒಪ್ಪುವ ರುಚಿ ಅದು. ಮುರಕಲ್ಲು ಆ ಕಲ್ಲಲ್ಲ.

ಕರಾವಳಿಯಲ್ಲಿ ಮನೆ ಕಟ್ಟಿದವರಿಗೆ ಈ ಕಲ್ಲಿನ ಗುಣ ಗೊತ್ತು. ಗಣಿಯಿಂದ ತೆಗೆದಾಗ ಮೆತ್ತಗೆ, ಕೊಡಲಿಯಲ್ಲೇ ಕಡಿಯಬಹುದು. ಗಾಳಿ ಬಿಸಿಲಿಗೆ ಒಣಗಿ ಗಟ್ಟಿಯಾಗುತ್ತದೆ. ಅದರ ಕಬ್ಬಿಣದ ಅಂಶ ಜಾಲರಿಯಂತೆ ನಿಲ್ಲುತ್ತದೆ, ಜಾಲರಿಯ ಸಂದಿನಲ್ಲಿ ಬಿಳಿ, ಹಳದಿ ಜೇಡಿ ಇರುತ್ತದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಹೆಚ್ಚಿನದೆಲ್ಲ ನಾಲ್ಕು ತಿಂಗಳಲ್ಲಿ. ಬೋಳು ಗೋಡೆಗೆ ಬಡಿದ ನೀರು ತೂತುಗಳಿಂದ ಜೇಡಿಯನ್ನು ತೊಳೆದು ತರುತ್ತದೆ, ತೂತು ದೊಡ್ಡದಾಗುತ್ತದೆ, ಮುಂದಿನ ವರ್ಷ ಇನ್ನಷ್ಟು ನೀರು ಒಳಗಿಳಿಯುತ್ತದೆ. ಪಾಚಿ ಹಿಡಿಯುತ್ತದೆ, ಹಕ್ಕಿ ಉದುರಿಸಿದ ಅಶ್ವತ್ಥದ ಬೀಜ ಸಂದಿನಲ್ಲಿ ಮೊಳೆಯುತ್ತದೆ. ಗೋಡೆಯ ಮೇಲೆ ಅಂಗೈ ಇಟ್ಟು ತೆಗೆದರೆ ಕೆಂಪು ಪುಡಿ ಅಂಟಿಕೊಳ್ಳುವ ಕಲ್ಲುಗಳು ಈಗಾಗಲೇ ಇವೆ. ಅಷ್ಟು ಮಾಡುವುದೂ ಬೇಡ, ಕೈ ಇಟ್ಟಷ್ಟೂ ಉದುರುತ್ತದೆ.

ಮದ್ದು ಗೊತ್ತಿಲ್ಲದ್ದೇನಲ್ಲ. ಹಳೆಯ ಸಿಮೆಂಟು ಸಂದುಗಳನ್ನು ಕೈ ಉಳಿಯಿಂದ ಬಿಡಿಸಬೇಕು, ಯಂತ್ರ ಹಚ್ಚಿದರೆ ಕಲ್ಲಿನ ಅಂಚೂ ಹೋಗುತ್ತದೆ. ಗಿಡಗಳನ್ನು ಎಳೆಯಬಾರದು. ಕತ್ತರಿಸಿ, ಬೇರು ಸಾಯಲು ಬಿಟ್ಟು, ಆಮೇಲೆ ತೆಗೆಯಬೇಕು. ಹಸಿ ಬೇರು ಎಳೆದರೆ ಜೊತೆಗೆ ಕಲ್ಲೂ ಬರುತ್ತದೆ. ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಅರಳಿಸಿ, ಒಂದು ಪಾಲಿಗೆ ಎರಡೂವರೆಯಿಂದ ಮೂರು ಪಾಲು ಉಪ್ಪಿಲ್ಲದ ಹೊಳೆ ಮರಳು ಸೇರಿಸಿ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಅರೆದು, ಮೊದಲೇ ತೋಯಿಸಿದ ಗೋಡೆಗೆ ತೆಳ್ಳಗೆ ಎರಡು ಮೂರು ಸಲ ಬಳಿಯಬೇಕು. ಒಂದೊಂದು ಸಲವೂ ನೆರಳು ಮಾಡಿ, ನೀರು ಚಿಮುಕಿಸುತ್ತ ದಿನಗಟ್ಟಲೆ ಕಾಯಬೇಕು. ಅವಸರ ಮಾಡಿದರೆ ಕೂದಲೆಳೆಯ ಬಿರುಕು, ಮೊದಲ ಮಳೆಗೇ ಸಿಪ್ಪೆ. ಸಿಮೆಂಟ್ ಹಾಕಿದರಂತೂ ಮೂರು ವರ್ಷ ಚಂದ, ಆಮೇಲೆ ಒಳಗಿನ ತೇವ ಹೊರಬರಲಾಗದೆ ಹಿಂದಿನ ಕಲ್ಲು ಪುಡಿಯಾಗುತ್ತ ಹೋಗುತ್ತದೆ. ಸುಣ್ಣದ ಗಾರೆ ಕಲ್ಲಿನ ಬದಲು ತಾನು ಸವೆಯುತ್ತದೆ, ಕೆಲವು ವರ್ಷಕ್ಕೊಮ್ಮೆ ತೇಪೆ ಹಾಕಬೇಕು, ಅಷ್ಟೇ.

ಹಾಗಾದರೆ ಹಾಕಲು ಅಡ್ಡಿಯೇನು? ಅಡ್ಡಿ ಆ ಕೆಂಪೇ. ಎರಡು ಮೂರು ತಲೆಮಾರು ಕಂಡದ್ದು ಕೆಂಪು ಇಗರ್ಜಿಯನ್ನು. ಕ್ಯಾಲೆಂಡರ್, ಪೋಸ್ಟ್‌ಕಾರ್ಡ್, ಪ್ರವಾಸೋದ್ಯಮದ ಜಾಹೀರಾತು ಎಲ್ಲದರಲ್ಲೂ ಅದೇ. ಬಿಳಿ ಗಾರೆ ಬಂದರೆ "ಹಳೆಯದನ್ನು ಹಾಳು ಮಾಡಿದರು" ಎಂಬ ಕೂಗು ಏಳುವುದು ಖಂಡಿತ. ನನ್ನನ್ನು ಕೇಳಿದರೆ ಗಾರೆ ಹಾಕುವುದೇ ಸರಿ. ಎಪ್ಪತ್ತು ವರ್ಷದ ಫೋಟೊಗಳಿಗಾಗಿ ನಾನ್ನೂರು ವರ್ಷದ ಗೋಡೆ ಕೊಡುವುದು ಕೆಟ್ಟ ವ್ಯಾಪಾರ. ಉತ್ತರದ ಬದಿಗೆ ಹೋಗಿ ಗೋಡೆಗೆ ಆತುಕೊಟ್ಟು ನಿಂತ ಒತ್ತುಗೋಡೆಗಳನ್ನು ನೋಡಿ. ಹಿಂದಿನವರೂ ಈ ಕಟ್ಟಡ ತನ್ನಷ್ಟಕ್ಕೆ ನಿಂತುಕೊಳ್ಳುತ್ತದೆ ಎಂದು ನಂಬಿ ಕೂತಿರಲಿಲ್ಲ.

ಮೇಣದ ಕಾಲು

ಫೆಸ್ತ್ ಡಿಸೆಂಬರ್ 3ಕ್ಕೆ. ಅದಕ್ಕೆ ಮುಂಚೆ ನವೆಂಬರ್ 24ರಿಂದ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಈ ದಿನಗಳಲ್ಲಿ ಬೆಳಗಾವಿ, ಖಾನಾಪುರ, ಕಾರವಾರದ ಕಡೆಯಿಂದ ಗುಂಪುಗುಂಪಾಗಿ ಕಾಲ್ನಡಿಗೆಯಲ್ಲಿ ಬರುವವರಿದ್ದಾರೆ. ಕೈಯಲ್ಲಿ ಶಿಲುಬೆ, ಹಿಂದೆ ಚೀಲ ಹೊತ್ತ ಒಂದು ಟೆಂಪೊ. ಹೊರಗಿನ ಅಂಗಡಿಗಳಲ್ಲಿ ಕನಕಾಂಬರದ ಹಾರ, ಖಾಜೆ, ಕಡಲೆ, ಮೇಣದಬತ್ತಿ. ಮೇಣದಬತ್ತಿಯ ಪಕ್ಕದಲ್ಲಿ ಮೇಣದ ಅಂಗಾಂಗಗಳು: ಕೈ, ಕಾಲು, ತಲೆ, ಕಣ್ಣು, ಇಡೀ ಮಗು, ಸಣ್ಣ ಮನೆ ಕೂಡ. ಮಂಡಿನೋವಿನವರು ಕಾಲು ಕೊಳ್ಳುತ್ತಾರೆ, ಮಕ್ಕಳಿಲ್ಲದವರು ಮಗು. ಅಂಗಡಿಯ ಎದುರು ಚೌಕಾಸಿ ನಡೆಯುವುದನ್ನು ನೋಡಬೇಕು. ಬಲಗಾಲೋ ಎಡಗಾಲೋ ಎಂದು ತಿರುಗಿಸಿ ತಿರುಗಿಸಿ ನೋಡಿ, ಬಿರುಕಿದೆಯೆಂದು ವಾಪಸು ಕೊಟ್ಟು, ಬೇರೆಯದನ್ನು ಹೆಬ್ಬೆರಳಿಂದ ಒತ್ತಿ ಪರೀಕ್ಷಿಸಿ ಕೊಳ್ಳುವ ಅಜ್ಜಿಯರಿಗೆ ತಾವು ಏನು ಕೊಡುತ್ತಿದ್ದೇವೆ ಎಂಬ ಬಗ್ಗೆ ಯಾವ ಗೊಂದಲವೂ ಇಲ್ಲ. ಹರಕೆ ಹೊತ್ತವರಲ್ಲಿ ಕ್ರೈಸ್ತರಷ್ಟೇ ಇರುತ್ತಾರೆಂದುಕೊಂಡರೆ ತಪ್ಪು. ಕುಂಕುಮ ಇಟ್ಟವರೂ ಅದೇ ಸಾಲಿನಲ್ಲಿರುತ್ತಾರೆ. ಕೊಂಕಣಿಯವರಿಗೆ ಇವರು ಗೊಂಯ್ಚೊ ಸಾಯ್ಬ್, ಗೋವಾದ ಒಡೆಯ.

ಮಂಗಳೂರು, ಉಡುಪಿ ಕಡೆಯಿಂದ ಬರುವ ಕೊಂಕಣಿ ಕ್ರೈಸ್ತರ ಭಕ್ತಿಯಲ್ಲಿ ಒಂದು ತೊಡಕೂ ಇದೆ. 1546ರಲ್ಲಿ ಪೋರ್ಚುಗಲ್ ದೊರೆಗೆ ಬರೆದ ಪತ್ರದಲ್ಲಿ ಗೋವಾಕ್ಕೆ ಇನ್‌ಕ್ವಿಝಿಶನ್, ಅಂದರೆ ಚರ್ಚಿನ ಧರ್ಮವಿಚಾರಣೆಯ ನ್ಯಾಯಾಲಯ, ಬೇಕೆಂದು ಕೇಳಿದವರಲ್ಲಿ ಝೇವಿಯರ್ ಒಬ್ಬರು. ಅದು ಬಂದದ್ದು ಅವರು ಸತ್ತ ಮೇಲೆ, 1560ರಲ್ಲಿ. ಮತಾಂತರವಾದವರ ಮನೆಯ ಹಳೆಯ ಆಚಾರಗಳ ಮೇಲೆ ಕಣ್ಣಿಟ್ಟ ಆ ನ್ಯಾಯಾಲಯದ ಕಾಟ, ಬರಗಾಲ, ಮರಾಠರ ದಾಳಿ, ಹೀಗೆ ಹಲವು ಕಾರಣಕ್ಕೆ ಗೋವಾ ಬಿಟ್ಟು ತೆಂಕಣಕ್ಕೆ ಬಂದವರ ಮೊಮ್ಮಕ್ಕಳೇ ಇಂದಿನ ಕರಾವಳಿ ಕರ್ನಾಟಕದ ಕೊಂಕಣಿ ಕ್ರೈಸ್ತರು. ಓಡಿಬಂದವರ ಮಕ್ಕಳು ಅದೇ ಸಂತನ ಎದುರು ಮೊಣಕಾಲೂರುತ್ತಾರೆ. ಇದರಲ್ಲಿ ಬೂಟಾಟಿಕೆ ಕಾಣುವವರಿಗೆ ಭಕ್ತಿ ಹೇಗೆ ಕೆಲಸ ಮಾಡುತ್ತದೆಂಬುದು ಗೊತ್ತಿಲ್ಲ. ಆದರೆ ಒಳಗಿನ ಮಾಹಿತಿ ಫಲಕಗಳಲ್ಲಿ ಆ ಪತ್ರದ ಪ್ರಸ್ತಾಪಕ್ಕೂ ಒಂದು ಸಾಲಿನ ಜಾಗ ಸಿಗಬಹುದಿತ್ತು.

ಇಗರ್ಜಿಯಾಚೆ ಎರಡು ಗಂಟೆ

ರೈಲಿನವರು ಕರ್ಮಲಿಯಲ್ಲಿ ಇಳಿದರೆ ಎರಡು ಮೂರು ಕಿಲೊಮೀಟರ್, ಮಡಗಾಂವ್ ತನಕ ಹೋಗಿ ಸುತ್ತಬೇಕಿಲ್ಲ. ಪಣಜಿಯ ಕದಂಬ ಬಸ್‌ಸ್ಟ್ಯಾಂಡಿನಿಂದ ಹತ್ತು ಕಿಲೊಮೀಟರ್, ಲೋಕಲ್ ಬಸ್ಸು ಬರುತ್ತಲೇ ಇರುತ್ತದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಭಾನುವಾರ ಬೆಳಗ್ಗಿನ ಪೂಜೆಗಳು ಮುಗಿಯುವ ತನಕ ನೋಡಲು ಬಂದವರಿಗೆ ಒಳಗೆ ಪ್ರವೇಶವಿಲ್ಲ, ಪ್ರಾರ್ಥನೆಗೆ ಬಂದವರಿಗೆ ಸದಾ ಇದೆ. ಪ್ರವೇಶಕ್ಕೆ ದುಡ್ಡಿಲ್ಲ.

ಹೊರಬಂದು ಎಲ್ಲರೂ ಹೋಗುವ ಕೆಥೆಡ್ರಲ್ ಕಡೆ ಹೋಗುವ ಮುನ್ನ ಸಂತ ಆಗಸ್ಟೀನರ ಹಾಳುಗೋಪುರಕ್ಕೆ ನಡೆಯಿರಿ, ಹತ್ತು ನಿಮಿಷದ ಏರು. 46 ಮೀಟರ್ ಎತ್ತರದ ಗೋಪುರದ ಅರ್ಧ 1931ರಲ್ಲಿ ಕುಸಿಯಿತು, ಅದಕ್ಕೂ ಮೊದಲು 1842ರಲ್ಲಿ ಮಾಡಿನ ಕಮಾನು ಬಿದ್ದಿತ್ತು. ಇಲ್ಲಿದ್ದ ಗಂಟೆ ಈಗ ಪಣಜಿಯ ಮೆಟ್ಟಿಲು ಇಗರ್ಜಿಯಲ್ಲಿ ಬಾರಿಸುತ್ತದೆ. ಬೊಮ್ ಜೀಸಸ್‌ನ ಗೋಡೆಯ ಕತೆ ಅರ್ಥವಾದವರು ಇಲ್ಲಿ ಅದರ ಮುಂದಿನ ಅಧ್ಯಾಯ ನೋಡಬಹುದು: ಗಾರೆ ಹೋದ, ಮಾಡು ಹೋದ ಮುರಕಲ್ಲು ಹೇಗೆ ಬಿಡಿಬಿಡಿಯಾಗುತ್ತದೆಂದು. ಜಾರ್ಜಿಯಾದ ರಾಣಿ ಕೆತೆವಾನ್ ಅವರ ಎಲುಬಿನ ಅವಶೇಷ ಸಿಕ್ಕಿದ್ದು ಇದೇ ಹಾಳಿನಲ್ಲಿ. ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆಯಾಗಿ, 2021ರಲ್ಲಿ ಅದರ ಒಂದು ಭಾಗವನ್ನು ಭಾರತ ಜಾರ್ಜಿಯಾಕ್ಕೆ ಒಪ್ಪಿಸಿತು.

ಆ ಮೇಲೆ ಸಂತ ಕಜೆತಾನರ ಇಗರ್ಜಿಯ ಪಕ್ಕದ ಒಂಟಿ ಬಾಗಿಲುವಾಡ. ಬಿಜಾಪುರದ ಆದಿಲ್‌ಶಾಹಿ ಅರಮನೆಯದ್ದೆಂದು ಹೇಳುವ ಇದರ ಕರಿಕಲ್ಲಿನ ಕೆತ್ತನೆ ಅದಕ್ಕೂ ಹಿಂದಿನ ಗುಡಿ ಕೆಲಸದವರ ಕೈ. ಅಲ್ಲಿಂದ ಪೊಂಡಾ ರಸ್ತೆಯ ಕಡೆ ಹೋದರೆ ಸಂತ ಪಾವ್ಲರ ಕಾಲೇಜಿನ ಕಮಾನು ಸಿಗುತ್ತದೆ, ದೇಹ ಆ ಎಪ್ಪತ್ತು ವರ್ಷದ ಬಹುಪಾಲು ಕಳೆದ ಕಟ್ಟಡದಲ್ಲಿ ಉಳಿದದ್ದು ಇದಿಷ್ಟೇ. ಕೆಂಪು ಕಲ್ಲು, ಕರಿ ಕಂಬ, ಹಿಂದೆ ಏನೂ ಇಲ್ಲ. ಸಾಂಕ್ರಾಮಿಕ ರೋಗಗಳಿಗೆ ಹೆದರಿ ಕಾಲೇಜನ್ನು ಬಿಟ್ಟುಹೋದರು, ಆಮೇಲೆ ಕಟ್ಟಡವನ್ನು ಕೆಡವಿದರು. ಪುರಾತತ್ವ ಇಲಾಖೆಯ ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತದೆ. ಆ ದಿನ ಬಂದವರು ಉಳಿದ ಹೊತ್ತನ್ನು ಗುಡ್ಡದ ಮೇಲಿನ ಮೊಂತ್ ಮಾತೆಯ ಇಗರ್ಜಿಗೆ ಕೊಡಲಿ. ನೀರಿನ ಬಾಟಲಿ ಕೆಳಗಿನಿಂದಲೇ ಒಯ್ಯಬೇಕು, ಮೇಲೆ ಅಂಗಡಿಯಿಲ್ಲ.